ಬೆಟಗೇರಿ ಮನೆಯ ಹಾರ್ಡ್‌ಡಿಸ್ಕ್: 112 ಕ್ಯಾಸೆಟ್ಟಿನ ಹಾಡು, ಜೋತುಬಿದ್ದ ಒಂದು ವೈರು

ಇದು ಗದಗ-ಬೆಟಗೇರಿಯ ಒಂದು ಮನೆಯ ಪ್ರಕರಣ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ. ಡಿಸ್ಕಿಗೆ ಏನಾಯಿತು, ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನೋದನ್ನು ಮಾತ್ರ ಬದಲಿಸಿಲ್ಲ. ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಇವರು ನನ್ನ ಹತ್ತಿರ ಬಂದದ್ದು ಡಿಸ್ಕ್ ಬಿದ್ದ ಆರನೇ ದಿನ. ಅದಕ್ಕೂ ಹಿಂದಿನ ಐದು ದಿನದಲ್ಲಿ ನಡೆದದ್ದೇ ಈ ಪ್ರಕರಣದ ಅರ್ಧ ಭಾಗ.

ಹಿನ್ನೆಲೆ

ಮನೆಯ ಯಜಮಾನರು ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರು. ರೋಣ, ಶಿರಹಟ್ಟಿ, ಸವಣೂರು ಅಂತ ವರ್ಗವಾದ ಕಡೆಯೆಲ್ಲ ಟೇಪ್‌ರೆಕಾರ್ಡರ್ ಹೊತ್ತುಕೊಂಡು ತಿರುಗಿದವರು. ಬೀಸುವ ಪದ, ಕುಟ್ಟುವ ಪದ, ಸೋಬಾನ, ಹಂತಿ ಪದ, ಗೀಗೀ ಪದ. ಒಟ್ಟು 112 ಕ್ಯಾಸೆಟ್ ತುಂಬಿಸಿದ್ದರು. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ಬೀಸುವ ಕಲ್ಲೇ ಅಡುಗೆಮನೆ ಬಿಟ್ಟು ಹಿತ್ತಲಿಗೆ ಹೋದ ಮೇಲೆ ಬೀಸುವ ಪದ ಮತ್ತೆ ಯಾರ ಬಾಯಲ್ಲಿ ಬರಬೇಕು?

2013ರಲ್ಲಿ ಮನೆಗೆ ಡೆಸ್ಕ್‌ಟಾಪ್ ಕಂಪ್ಯೂಟರ್ ಬಂತು. ಒಳಗಿನ ಡಿಸ್ಕ್ 500 ಜಿಬಿ. ಟೇಪಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಹಾಕಿ, ಎರಡು ವರ್ಷ ಕೂತು ಮಾಸ್ತರು ಎಲ್ಲ ಕ್ಯಾಸೆಟ್ಟನ್ನೂ ವೇವ್ ಫೈಲ್ ಮಾಡಿದರು. ಒಂದು ತಾಸಿನ ಕ್ಯಾಸೆಟ್ಟಿಗೆ ಹತ್ತಿರ ಹತ್ತಿರ 600 ಎಂಬಿ. "ಎಂಪಿ3 ಮಾಡ್ರಿ, ಹತ್ತು ಪಟ್ಟು ಸಣ್ಣ ಆಗ್ತೈತಿ" ಅಂತ ಹೇಳಿದವರಿದ್ದರು. ಮಾಸ್ತರು ಒಪ್ಪಲಿಲ್ಲ. ಧ್ವನಿ ಹೇಗಿದೆಯೋ ಹಾಗೇ ಇರಬೇಕು ಅನ್ನೋದು ಅವರ ಹಟ.

ಹಾಡುಗಳು 67 ಜಿಬಿ, ಫೋಟೊಗಳು 90ರಷ್ಟು, ಮಗಳ ಮದುವೆ ಮತ್ತು ಬೇರೆ ಕಾರ್ಯಗಳ ವಿಡಿಯೊ 110ರ ಮೇಲೆ. ಎಲ್ಲ ಸೇರಿ 270 ಜಿಬಿ. 2019ರ ಹೊತ್ತಿಗೆ ಕಂಪ್ಯೂಟರಿನಲ್ಲಿ ಜಾಗ ಕಡಿಮೆಯಾಗುತ್ತ ಬಂತು. ಹುಬ್ಬಳ್ಳಿಯಲ್ಲಿ ಬ್ಯಾಂಕ್ ನೌಕರಿಯಲ್ಲಿರುವ ಮಗಳು ದಸರಾ ಸೇಲ್‌ನಲ್ಲಿ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತರಿಸಿದರು. ಚುಚ್ಚಿ ನೋಡಿದರೆ 931 ಜಿಬಿ ತೋರಿಸಿತು. ಉಳಿದದ್ದು ಎಲ್ಲಿ ಹೋಯಿತು ಅಂತ ಮಾಸ್ತರು ಗಾಬರಿಯಾಗಿದ್ದರಂತೆ. ಇದರಲ್ಲಿ ಮೋಸ ಇಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಅಳೆಯುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ ಅಳೆಯುತ್ತದೆ. ಜಾಗ ಅಷ್ಟೇ, ಅಳತೆಯ ಸೇರು ಬೇರೆ.

ರಜೆಗೆ ಬಂದ ಮೊಮ್ಮಗ ಎಲ್ಲವನ್ನೂ ಡಿಸ್ಕಿಗೆ ಹಾಕಿಕೊಟ್ಟ. ಕಾಪಿ ಮಾಡಲಿಲ್ಲ, ಕಟ್ ಮಾಡಿ ಪೇಸ್ಟ್ ಮಾಡಿದ. ಕಂಪ್ಯೂಟರ್ ಖಾಲಿಯಾಯಿತು, ಎಲ್ಲರಿಗೂ ಖುಷಿಯಾಯಿತು. ಅವತ್ತಿನಿಂದ ಮನೆಯಲ್ಲಿ ಆ ಡಿಸ್ಕಿಗೆ "ಬ್ಯಾಕಪ್" ಅಂತಲೇ ಹೆಸರು. ಆದರೆ ಅದು ಬ್ಯಾಕಪ್ ಆಗಿರಲಿಲ್ಲ. ಇದ್ದ ಒಂದೇ ಪ್ರತಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಿತ್ತು ಅಷ್ಟೇ. ಅದೂ ಗಟ್ಟಿ ಪೆಟ್ಟಿಗೆಯಿಂದ ನಾಜೂಕಿನ ಪೆಟ್ಟಿಗೆಗೆ.

ಎರಡು ಸಣ್ಣ ವಿಷಯ ಇಲ್ಲೇ ಹೇಳಿಬಿಡಬೇಕು. ಮೊಮ್ಮಗ ಡಿಸ್ಕನ್ನು ಚುಚ್ಚಿದ್ದು ಕಂಪ್ಯೂಟರಿನ ಮುಂದಿನ ಪೋರ್ಟಿಗೆ. ಅದು ಹಳೆಯ ಯುಎಸ್‌ಬಿ 2.0. ಸೆಕೆಂಡಿಗೆ 30 ಎಂಬಿ ಸಿಕ್ಕರೆ ಹೆಚ್ಚು. ಎರಡೂವರೆ ತಾಸು ಹಿಡಿಯಿತು. ಹಿಂದುಗಡೆ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್ ಇತ್ತು. ಅದರಲ್ಲಿ ಮುಕ್ಕಾಲು ತಾಸಿನ ಕೆಲಸ. ನಿಧಾನವಾದದ್ದು ದೊಡ್ಡ ಮಾತಲ್ಲ. ಆದರೆ ಮುಂದೆ ಚುಚ್ಚಿದ್ದರಿಂದ ವೈರು ಟೇಬಲ್ ಅಂಚಿನಿಂದ ಜೋತುಬಿದ್ದು, ಜನ ಓಡಾಡುವ ಕಡೆಗೇ ನಾಲ್ಕು ವರ್ಷ ಇತ್ತು.

ಇನ್ನೊಂದು, ಒಂದು ಮಳೆಗಾಲ ಮಾಳಿಗೆ ಸೋರಿ ಕ್ಯಾಸೆಟ್ಟಿಗೆ ಬೂಷ್ಟು ಬಂತು. ಹೇಗೂ ಕಂಪ್ಯೂಟರಿನಲ್ಲಿವೆ ಅಂತ ಮಾಸ್ತರು ಬಹಳಷ್ಟನ್ನು ಎಸೆದರು. ಅವರ ಹೆಂಡತಿ, ಅಂದರೆ ಮನೆಯ ಅಜ್ಜಿ, ಮಾತ್ರ ಚೆನ್ನಾಗಿದ್ದ ಸುಮಾರು 40 ಕ್ಯಾಸೆಟ್ ಆರಿಸಿ, ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದರು.

ಬಿದ್ದ ಸಂಜೆ, ಆಮೇಲಿನ ಐದು ದಿನ

2023ರ ಶ್ರಾವಣ. ಮಾಸ್ತರು ಸಂಜೆ ಹಾಡು ಕೇಳುತ್ತ ಕೂತಿದ್ದರು. ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು, ಡಿಸ್ಕ್ ಇನ್ನೂ ತಿರುಗುತ್ತಲೇ ಇತ್ತು. ದೀಪ ತರಲು ಅಜ್ಜಿ ಕತ್ತಲಲ್ಲಿ ಬಂದರು. ವೈರಿಗೆ ಕಾಲು ತೊಡರಿತು. ಡಿಸ್ಕ್ ಎರಡೂವರೆ ಅಡಿ ಎತ್ತರದಿಂದ ಕಡಪ ಕಲ್ಲಿನ ನೆಲಕ್ಕೆ ಬಿತ್ತು.

ತಿರುಗುವಾಗ ಬಿದ್ದದ್ದೇ ದೊಡ್ಡ ಪೆಟ್ಟು. ಹಾರ್ಡ್‌ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆ ಇರುತ್ತದೆ. ಇಂಥ ಸಣ್ಣ ಡಿಸ್ಕುಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸಲ ತಿರುಗುತ್ತದೆ. ಓದುವ ಹೆಡ್ ಅದಕ್ಕೆ ತಾಗುವುದಿಲ್ಲ. ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್, ಅಂದರೆ ಸಂದು ಎಷ್ಟು ಸಣ್ಣದು ನೋಡಿ. ಆಫ್ ಮಾಡಿದಾಗ ಹೆಡ್ ತಟ್ಟೆ ಬಿಟ್ಟು ಪಕ್ಕಕ್ಕೆ ಹೋಗಿ ಕೂರುತ್ತದೆ. ಆಗ ಬಿದ್ದಿದ್ದರೆ ಡಿಸ್ಕ್ ಉಳಿಯುವ ಸಾಧ್ಯತೆ ಜಾಸ್ತಿ ಇತ್ತು. ತಿರುಗುವಾಗ ಬಿದ್ದರೆ ಹೆಡ್ ತಟ್ಟೆಗೆ ಬಡಿದು ಗೀರು ಬೀಳುತ್ತದೆ. ಗೀರಿನಿಂದ ಎದ್ದ ಪುಡಿ ಇನ್ನಷ್ಟು ಕಡೆ ಗೀರುತ್ತದೆ. ಹೀಗೆ ಪೆಟ್ಟಾದ ಡಿಸ್ಕನ್ನು ಓಡಿಸಿದಷ್ಟೂ ಒಳಗೆ ಹಾಳಾಗುತ್ತ ಹೋಗುತ್ತದೆ.

ಮನೆಯವರಿಗೆ ಇದು ಗೊತ್ತಿರಲಿಲ್ಲ. ಮರುದಿನ ಚುಚ್ಚಿದರು. ದೀಪ ಹತ್ತಿತು, ಫೋಲ್ಡರ್ ತೆರೆಯಲಿಲ್ಲ. ತೆಗೆದು ಮತ್ತೆ ಚುಚ್ಚಿದರು. ಹತ್ತಾರು ಸಲ ಹೀಗೇ ಮಾಡಿದರಂತೆ. ಡಿಸ್ಕಿನಲ್ಲಿ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿಪಡಿಸಲೇ ಅಂತ ವಿಂಡೋಸ್ ಕೇಳಿತು. ಮೊಮ್ಮಗ ಒಪ್ಪಿಗೆ ಒತ್ತಿದ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಅನ್ನುವ ಸಂದೇಶ.

ಆ ಸ್ಕ್ಯಾನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ಎಲ್ಲರೂ ಎಡವುವುದು ಇಲ್ಲೇ. ಅದು ನೋಡುವುದು ಡಿಸ್ಕಿನ ಲೆಕ್ಕಪುಸ್ತಕವನ್ನು. ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ. ಓದಲಾಗದ ಸಾಲು ಸಿಕ್ಕರೆ ಕೆಟ್ಟ ಸಾಲು ಅಂತ ಅಳಿಸಿಬಿಡುತ್ತದೆ. ಡಿಸ್ಕ್ ಗಟ್ಟಿಯಿದ್ದು, ಲೆಕ್ಕ ಮಾತ್ರ ತಪ್ಪಿದ್ದರೆ ಅದು ಒಳ್ಳೆಯ ಕೆಲಸವೇ. ಡಿಸ್ಕಿಗೇ ಪೆಟ್ಟಾಗಿದ್ದಾಗ ಮಾತ್ರ ಅಪಾಯ. ನಿಧಾನಕ್ಕೆ, ಮತ್ತೆ ಮತ್ತೆ ಪ್ರಯತ್ನಿಸಿದರೆ ಓದಬಹುದಾಗಿದ್ದ ಸಾಲೂ ಅದರಲ್ಲಿ ಹೋಗುತ್ತದೆ.

ಮುಂದಿನ ಎರಡು ದಿನ ಸಲಹೆಗಳ ದಿನ. ಪರಿಚಯದ ಅಂಗಡಿಯವರೊಬ್ಬರು, ಮೊದಲು ಫಾರ್ಮ್ಯಾಟ್ ಮಾಡಿ ಆಮೇಲೆ ಸಾಫ್ಟ್‌ವೇರ್ ಹಾಕಿ ತೆಗೆಯೋಣ ಅಂದರು. ಇನ್ನೊಬ್ಬರು ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಲು ಹೇಳಿದರು. ಮಾಸ್ತರು ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ ಮುಂದೆ ನಿಂತಿದ್ದಾಗ ಮಗಳ ಫೋನ್ ಬಂತು. ಅವರಿಗೆ ಕಂಪ್ಯೂಟರ್ ಬಗ್ಗೆ ಹೆಚ್ಚಿಗೆ ಗೊತ್ತಿಲ್ಲ. ಆದರೂ ಹೇಳಿದ ಮಾತು ಇದು: "ಅಪ್ಪಾ, ಇನ್ನ ಯಾರೂ ಮುಟ್ಟಬ್ಯಾಡ್ರಿ. ಹಂಗ ಇಡ್ರಿ. ನಾ ಬಂದು ಒಯ್ತೀನಿ."

ಈ ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ತಣ್ಣಗಾದ ಡಿಸ್ಕನ್ನು ಹೊರಗೆ ತೆಗೆದರೆ ಒಳಗೆ ಹನಿ ಕಟ್ಟುತ್ತದೆ. ಆ ಹನಿಯ ಮೇಲೆ ಹೆಡ್ ಓಡಿದರೆ ಉಳಿದದ್ದೂ ಹೋಗುತ್ತದೆ. ಆಮೇಲೆ ನಾನು ಮಾಡಿದ್ದಕ್ಕಿಂತ, ಆ ಫೋನ್ ಮಾತು ಉಳಿಸಿದ್ದು ಜಾಸ್ತಿ ಅಂತ ನನಗೆ ಅನ್ನಿಸುತ್ತದೆ.

ಹುಬ್ಬಳ್ಳಿಯಲ್ಲಿ ಮೂರು ರಾತ್ರಿ

ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದರು. ಮೊದಲು ಕಿವಿಗಿಟ್ಟು ಕೇಳಿದೆ. ಹೆಡ್ ಮುರಿದಿದ್ದರೆ "ಟಕ್ ಟಕ್" ಅಂತ ಒಂದೇ ತಾಳದಲ್ಲಿ ಬಡಿಯುತ್ತದೆ. ಆ ಸದ್ದು ಇರಲಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ಡಿಸ್ಕಿನ ಆರೋಗ್ಯ ನೋಡಿದೆ. ಓದಲಾಗದೆ ಬಾಕಿ ನಿಂತ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಂಡುಗಳ, ಲೆಕ್ಕ ಒಂದು ಸಾಲಿನಲ್ಲಿ ಬರುತ್ತದೆ. ಅದು ಸೊನ್ನೆ ಇರಬೇಕು. ಇಲ್ಲಿ ಸಾವಿರ ದಾಟಿತ್ತು.

ಮನೆಯವರ ಮುಂದೆ ಎರಡು ದಾರಿ ಇಟ್ಟೆ. ಒಂದು, ದೂಳಿಲ್ಲದ ಕೋಣೆ ಇರುವ ದೊಡ್ಡ ಊರಿನ ಲ್ಯಾಬ್. ಹತ್ತಾರು ಸಾವಿರ ರೂಪಾಯಿ ಖರ್ಚು. ಇನ್ನೊಂದು, ನಾನೇ ನಿಧಾನಕ್ಕೆ ಪ್ರತಿ ತೆಗೆಯುವುದು. ಟಕ್ ಸದ್ದು ಬಂದ ಕ್ಷಣ ನಿಲ್ಲಿಸುತ್ತೇನೆ, ಆಮೇಲೆ ಲ್ಯಾಬೇ ಗತಿ ಅಂತ ಮೊದಲೇ ಹೇಳಿದೆ. ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ಮದಿವಿ ಫೋಟೊ ಹೋದ್ರ ಹೋಗ್ಲಿ. ಹಾಡು ನೋಡು ಮೊದಲ" ಅಂದರು. ಮಗಳು ಪಕ್ಕದಲ್ಲೇ ಇದ್ದರು. ಅವರೂ ಹೂಂ ಅಂದರು.

ನಾನು ಮಾಡಿದ ಒಂದು ತಪ್ಪನ್ನೂ ಬರೆಯಬೇಕು. ಪೆಟ್ಟಿಗೆ ಬಿಚ್ಚಿ ಒಳಗಿನ ಡಿಸ್ಕನ್ನು ನೇರ ಸಾಟಾ ಕೇಬಲ್ಲಿಗೆ (ಕಂಪ್ಯೂಟರಿನ ಒಳಗೆ ಡಿಸ್ಕ್ ಜೋಡಿಸುವ ವೈರಿಗೆ) ಹಾಕಿದರೆ ಕೆಲಸ ಸಲೀಸು ಅಂತ ಬಿಚ್ಚಿದೆ. ಒಳಗೆ ಸಾಟಾ ಇರಲೇ ಇಲ್ಲ. ಯುಎಸ್‌ಬಿ ತೂತನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿದ್ದರು. ಈಗಿನ ಬಹಳಷ್ಟು ಸಣ್ಣ ಡಿಸ್ಕುಗಳು ಹೀಗೇ ಇರುತ್ತವೆ. ಮೊದಲೇ ವಿಚಾರಿಸಿದ್ದರೆ ಪೆಟ್ಟಾದ ಆ ಡಿಸ್ಕನ್ನು ಸುಮ್ಮನೆ ಬಿಚ್ಚುವುದು ತಪ್ಪುತ್ತಿತ್ತು.

ಕೆಲಸ ಮಾಡಿದ್ದು ಲಿನಕ್ಸ್‌ನಲ್ಲಿ, ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನದಿಂದ. ಇದರ ರೀತಿ ನನಗೆ ಬಹಳ ಇಷ್ಟ. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುವುದಿಲ್ಲ, ಹಾರಿ ಮುಂದೆ ಹೋಗುತ್ತದೆ. ಒಳ್ಳೆಯದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ತಿರುಗಿ ಬಂದು ಕೆಟ್ಟ ಜಾಗಗಳನ್ನು ಸ್ವಲ್ಪ ಸ್ವಲ್ಪ ಕೆದಕುತ್ತದೆ. ಎಲ್ಲಿಯವರೆಗೆ ಓದಿದೆ ಅನ್ನೋದನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಡಿಸ್ಕ್ ನಡುವೆ ಕೈಕೊಟ್ಟರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. ನಮ್ಮದು ನಾಲ್ಕು ಸಲ ಕೈಕೊಟ್ಟಿತು. 270 ಜಿಬಿ ಮಾತ್ರ ತುಂಬಿದ್ದರಿಂದ, ಡಿಸ್ಕಿನ ಮೊದಲ 350 ಜಿಬಿ ಭಾಗವನ್ನೇ ಮೊದಲು ಓದಿಸಿದೆ. ಕೆಟ್ಟ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. ಎಲ್ಲವೂ ಹೊಸ ಡಿಸ್ಕಿಗೆ ಹೋಯಿತು. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು ತಣ್ಣಗಿಟ್ಟೆ. ಮೂರು ರಾತ್ರಿ ಹಿಡಿಯಿತು.

ಕೊನೆಗೆ ಓದಲಾಗದೆ ಉಳಿದದ್ದು 38 ಎಂಬಿ. ಇಷ್ಟೇ ತಾನೇ ಅನ್ನಿಸಬಹುದು. ಆದರೆ ಆ ರಾತ್ರಿಯ ಸ್ಕ್ಯಾನ್ ಲೆಕ್ಕಪುಸ್ತಕದಿಂದ ಎಷ್ಟೋ ಸಾಲು ಅಳಿಸಿತ್ತು. ಆ ಫೈಲ್‌ಗಳು ಡಿಸ್ಕಿನಲ್ಲಿದ್ದರೂ ಹೆಸರಿರಲಿಲ್ಲ, ವಿಳಾಸ ಇರಲಿಲ್ಲ. ಹೊಸ ಪ್ರತಿಯ ಮೇಲೆ ಫೋಟೊರೆಕ್ ಅನ್ನುವ ಸಾಧನ ಓಡಿಸಿ ಹುಡುಕಿದೆ. ವೇವ್ ಫೈಲಿನ ಮೊದಲ ನಾಲ್ಕು ಅಕ್ಷರ ಯಾವಾಗಲೂ ಒಂದೇ ಇರುತ್ತವೆ. ಆ ಗುರುತು ಹಿಡಿದು ಅದು ಹಾಡುಗಳನ್ನು ಎತ್ತಿ ತಂದಿತು, ಬರೀ ನಂಬರ್ ಹೆಸರಿನಲ್ಲಿ.

112ರಲ್ಲಿ 98 ಹೆಸರು ಸಮೇತ ಪೂರ್ತಿ ಸಿಕ್ಕವು. 9 ಹೆಸರಿಲ್ಲದೆ ಸಿಕ್ಕವು. ಮಾಸ್ತರು ಕಿವಿಗೊಟ್ಟು ಕೂತು, ದನಿಯ ಮೇಲೆಯೇ ಊರು, ಹಾಡಿದವರು, ವರ್ಷ ಹೇಳಿ ಬರೆಸಿದರು. ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ. 3 ಕ್ಯಾಸೆಟ್ಟುಗಳಲ್ಲಿ ಅಲ್ಲಲ್ಲಿ "ಪಟ್" ಅಂತ ಸದ್ದು ಬರುತ್ತದೆ, ಹಾಡು ಇದೆ. ಇಲ್ಲೇ ಮಾಸ್ತರ ಹಟ ಕೆಲಸಕ್ಕೆ ಬಂದದ್ದು. ವೇವ್ ಫೈಲಿನಲ್ಲಿ ಧ್ವನಿ ಬಿಚ್ಚಿಟ್ಟ ಹಾಗೆ ಇರುತ್ತದೆ. 4 ಕೆಬಿ ಹೋದರೆ ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಮಾತ್ರ ಹೋಗುತ್ತದೆ. ಫೋಟೊ ಹಾಗಲ್ಲ. ಫೋಟೊದ ಜೇಪೆಗ್ ಫೈಲ್ ಅಂದರೆ ಒತ್ತಿ ಕಟ್ಟಿದ ಗಂಟು. ನಡುವೆ ಒಂದು ಎಳೆ ಹೋದರೂ ಅಲ್ಲಿಂದ ಕೆಳಗೆಲ್ಲ ಬೂದಿ ಬಣ್ಣ ಆಗಬಹುದು. ಸುಮಾರು 40 ಫೋಟೊಗಳಿಗೆ ಹೀಗಾಯಿತು. ಒಂದು ನಾಮಕರಣದ ವಿಡಿಯೊ ತೆರೆಯಲೇ ಇಲ್ಲ.

ಎರಡು ಕ್ಯಾಸೆಟ್ ಪೂರ್ತಿ ಹೋದವು. ಒಂದರ ಮೂಲ ಕ್ಯಾಸೆಟ್ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿತು. ಮತ್ತೆ ಟೇಪ್ ಹಚ್ಚಿ ಫೈಲ್ ಮಾಡಿದರು. ಇನ್ನೊಂದು ಸವಣೂರು ಕಡೆಯ ಗೀಗೀ ಮೇಳದ್ದು. ಅದರ ಕ್ಯಾಸೆಟ್ ಮಾಳಿಗೆ ಸೋರಿದ ವರ್ಷ ಎಸೆದವುಗಳಲ್ಲಿ ಇತ್ತು. ಅದು ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ.

ಹೊಸದನ್ನು ಆರಿಸುವಾಗ

ಮತ್ತೆ ಕೊಳ್ಳುವಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮೊಮ್ಮಗ, "2 ಟಿಬಿದು ಒಂದ ತಗೊಂಡ್ರ ರೊಕ್ಕ ಉಳೀತೈತಜ್ಜಾ" ಅಂದ. ಲೆಕ್ಕ ಸರಿ. ಆದರೆ 270 ಜಿಬಿ ಇರುವ ಮನೆಗೆ ಬೇಕಾದದ್ದು ದೊಡ್ಡ ಜಾಗ ಅಲ್ಲ, ಎರಡನೇ ಪ್ರತಿ. ಹಾಗಾಗಿ 1 ಟಿಬಿಯವು ಎರಡು ತಗೊಳ್ಳಿ ಅಂದೆ. ಅದೂ ಬೇರೆ ಬೇರೆ ಕಂಪನಿಯವು. ಒಂದೇ ಕಾರ್ಖಾನೆಯಲ್ಲಿ ಒಂದೇ ವಾರ ತಯಾರಾದ ಜೋಡಿ ಒಂದೇ ಕಾಲಕ್ಕೆ ಕೆಡಬಹುದು.

ಕಂಪ್ಯೂಟರಿನ ಒಳಗಿನ 500 ಜಿಬಿ ಡಿಸ್ಕ್ ತೆಗೆದು 1 ಟಿಬಿ ಹಾಕಿಸಿದ್ದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ತೀರ್ಮಾನ. ಮೂಲ ಫೈಲ್‌ಗಳು ಮತ್ತೆ ಕಂಪ್ಯೂಟರಿಗೇ ಬಂದವು. ಹೊರಗಿನ ಎರಡೂ ಡಿಸ್ಕುಗಳು ಈಗ ನಿಜವಾಗಿ ಬ್ಯಾಕಪ್. ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋಗ್ ಹೇಳಿ ಜನಪ್ರಿಯವಾದ 3-2-1 ಅನ್ನುವ ಲೆಕ್ಕ ಇದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ. ಕಂಪ್ಯೂಟರ್, ಎರಡು ಡಿಸ್ಕ್, ಜೊತೆಗೆ ಟ್ರಂಕಿನ ಕ್ಯಾಸೆಟ್. ಬೆಟಗೇರಿ ಮನೆಗೆ ಲೆಕ್ಕ ಹತ್ತಿರ ಹತ್ತಿರ ಕೂಡಿತು.

ಎಸ್‌ಎಸ್‌ಡಿ ಬೇಕು ಅಂತ ಮಗಳ ಆಸೆ. ತಪ್ಪಲ್ಲ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಬಿದ್ದರೂ ತಡೆಯುತ್ತದೆ, ವೇಗವೂ ಜಾಸ್ತಿ. ದಿನಾ ಬ್ಯಾಗಿನಲ್ಲಿ ಹೊತ್ತು ತಿರುಗುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇಲ್ಲಿ ಡಿಸ್ಕ್ ಬೀರುವಿನಲ್ಲಿ ಕೂರುವಂಥದ್ದು. ಎಸ್‌ಎಸ್‌ಡಿ ವರ್ಷಗಟ್ಟಲೆ ಕರೆಂಟ್ ಇಲ್ಲದೆ ಇದ್ದರೆ ಅದರಲ್ಲಿನ ಮಾಹಿತಿ ಮಾಸುವ ಸಾಧ್ಯತೆ ಇದೆ. ಬೆಲೆಯೂ ಹೆಚ್ಚು. ಒಂದು ಎಸ್‌ಎಸ್‌ಡಿಗಿಂತ ಎರಡು ಹಾರ್ಡ್‌ಡಿಸ್ಕ್ ಲೇಸು ಅಂತ ತೀರ್ಮಾನವಾಯಿತು. ಅಡಾಪ್ಟರ್ ಬೇಕಾಗುವ ದೊಡ್ಡ ಡಿಸ್ಕನ್ನು ಬೇಗ ಕೈಬಿಟ್ಟೆವು. ಯುಪಿಎಸ್‌ನಲ್ಲಿ ಇನ್ನೊಂದು ಪ್ಲಗ್‌ಗೆ ಜಾಗ ಇರಲಿಲ್ಲ, ಹುಬ್ಬಳ್ಳಿಗೆ ಹೊತ್ತು ತರಲೂ ಕಷ್ಟ.

ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳ ಲೆಕ್ಕ ಇಡುವ ರೀತಿ, ಯಾವುದು? ಮಗಳ ಹತ್ತಿರ ಮ್ಯಾಕ್ ಲ್ಯಾಪ್‌ಟಾಪ್ ಇದೆ. ಫ್ಯಾಟ್32 ಆಗುವುದಿಲ್ಲ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಮದುವೆ ವಿಡಿಯೊ ಒಂದೇ 11 ಜಿಬಿ ಇದೆ. ಎಕ್ಸ್‌ಫ್ಯಾಟ್ ಎರಡೂ ಕಡೆ ನಡೆಯುತ್ತದೆ, ಆದರೆ ಬರೆಯುವ ನಡುವೆ ಕರೆಂಟ್ ಹೋದರೆ ಕೆಡುವ ಭಯ ಎನ್‌ಟಿಎಫ್‌ಎಸ್‌ಗಿಂತ ಜಾಸ್ತಿ. ಎನ್‌ಟಿಎಫ್‌ಎಸ್ ಅನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಮಗಳು ಬರೆಯಬೇಕಾಗಿಯೇ ಇಲ್ಲ, ಅಲ್ವಾ? ಎರಡನ್ನೂ ಎನ್‌ಟಿಎಫ್‌ಎಸ್ ಮಾಡಿದೆವು. ಮಗಳ ಮನೆಯಲ್ಲಿ ಯಾರೂ ತಪ್ಪಿ ಅಳಿಸಲಾರರು ಅನ್ನುವುದೂ ಒಂದು ಅನುಕೂಲ.

ಕೊಂಡ ತಕ್ಷಣ ಹಾಡು ಹಾಕಲಿಲ್ಲ. ಮೊದಲು ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಸಾಧನದಿಂದ ಡಿಸ್ಕ್ ಪೂರ್ತಿ ತುಂಬಿಸಿ, ಪೂರ್ತಿ ಓದಿ ನೋಡಿದೆ. ಹೊಸದರಲ್ಲೇ ದೋಷ ಇದ್ದರೆ ಬದಲಿಸಿಕೊಳ್ಳುವ ದಿನ ಮುಗಿಯುವ ಮೊದಲೇ ಗೊತ್ತಾಗುತ್ತದೆ. ನಂಬಲಾಗದಷ್ಟು ಅಗ್ಗಕ್ಕೆ 16 ಟಿಬಿ ಅಂತ ಮಾರುವ ನಕಲಿಗಳೂ ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತವೆ. ವಾರಂಟಿ ಬಗ್ಗೆ ಮಾಸ್ತರು ಕೇಳಿದಾಗ ಇದ್ದದ್ದನ್ನೇ ಹೇಳಿದೆ: "ಡಿಸ್ಕಿಗೆ ಡಿಸ್ಕ್ ಕೊಡ್ತಾರ್ರೀ ಮಾಸ್ತರ್ರ, ಹಾಡಿಗೆ ಹಾಡು ಕೊಡಂಗಿಲ್ಲ."

ಅಮಾವಾಸ್ಯೆಯ ಕೆಲಸ

ತಿಂಗಳಿಗೊಮ್ಮೆ ಬ್ಯಾಕಪ್ ಮಾಡಿ ಅಂತ ಹೇಳಿದರೆ ಯಾರೂ ಮಾಡುವುದಿಲ್ಲ. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ, ಗಾಡಿ, ಮಷಿನ್ನಿಗೆಲ್ಲ ಪೂಜೆ ಇರುತ್ತದೆ. ಆ ಮನೆಯಲ್ಲಿ ಅವತ್ತು ಕಂಪ್ಯೂಟರಿಗೂ ಕುಂಕುಮ ಏರುತ್ತದೆ. ಕಾಪಿಯೂ ಅವತ್ತೇ ಆಗಲಿ ಅಂದರು ಅಜ್ಜಿ. ನನಗೆ ಹೊಳೆಯದ ಮಾತು ಅದು. ಒಂದು ಅಮಾವಾಸ್ಯೆಯೂ ತಪ್ಪಿಲ್ಲ.

ಪೂಜೆ ಮುಗಿದ ಮೇಲೆ ಬೀರುವಿನಿಂದ ಡಿಸ್ಕ್ ಬರುತ್ತದೆ. ಹಿಂದಿನ ನೀಲಿ ಪೋರ್ಟಿಗೇ ಚುಚ್ಚುತ್ತಾರೆ, ಗೋಡೆ ಕಡೆಯ ಕೆಳಗಿನ ಹಲಗೆ ಮೇಲೆ ಇಡುತ್ತಾರೆ. ವೈರು ಯಾರ ಕಾಲಿಗೂ ಸಿಗುವುದಿಲ್ಲ. ಫ್ರೀಫೈಲ್‌ಸಿಂಕ್ ಅನ್ನುವ ಕಾಪಿ ಮಾಡುವ ಸಾಧನದಲ್ಲಿ ಹೊಸದು, ಬದಲಾದದ್ದು ಮಾತ್ರ ಹೋಗುವ ಹಾಗೆ ಹೊಂದಿಸಿದ್ದೇನೆ. ಕನ್ನಡಿಯ ಹಾಗೆ ಎರಡೂ ಕಡೆ ಒಂದೇ ಮಾಡುವ ಆಯ್ಕೆ ಅದರಲ್ಲಿದೆ, ಅದನ್ನು ಬೇಕೆಂದೇ ಬಿಟ್ಟೆ. ಅದನ್ನು ಹಾಕಿದರೆ ಕಂಪ್ಯೂಟರಿನಲ್ಲಿ ತಪ್ಪಿ ಅಳಿಸಿದ್ದು ಡಿಸ್ಕಿನಲ್ಲೂ ಅಳಿಸಿಹೋಗುತ್ತದೆ. ಕಾಪಿ ಮುಗಿದ ಮೇಲೆ ಡಿಸ್ಕನ್ನು ಎಜೆಕ್ಟ್ ಮಾಡಿ, ತಿರುಗುವುದು ನಿಲ್ಲುವ ತನಕ ಕಾದು, ಆಮೇಲೇ ಎತ್ತುತ್ತಾರೆ. ಸದಾ ಚುಚ್ಚಿ ಇಡುವುದಿಲ್ಲ. ಫೈಲ್‌ಗಳಿಗೆ ಬೀಗ ಹಾಕಿ ರೊಕ್ಕ ಕೇಳುವ ವೈರಸ್ ಬಂದರೆ ಚುಚ್ಚಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ.

ಮಗಳು ಊರಿಗೆ ಬಂದಾಗಲೆಲ್ಲ ಒಂದು ಡಿಸ್ಕ್ ತರುತ್ತಾರೆ, ಇನ್ನೊಂದನ್ನು ಒಯ್ಯುತ್ತಾರೆ. ಹಾಗಾಗಿ ಎರಡೂ ಕೆಲಸದಲ್ಲಿರುತ್ತವೆ, ಯಾವುದೂ ಮೂಲೆಯಲ್ಲಿ ಮರೆತು ಕೂರುವುದಿಲ್ಲ.

ಮಾಸ್ತರು ಇದಕ್ಕೆ ತಮ್ಮದೇ ಒಂದು ಸೇರಿಸಿದರು. ಕಾಪಿ ಆದ ಮೇಲೆ, ಆ ಡಿಸ್ಕಿನಿಂದಲೇ ಒಂದು ಕ್ಯಾಸೆಟ್ ಪೂರ್ತಿ ಕೇಳುತ್ತಾರೆ. ಪ್ರತಿ ಸಲ ಬೇರೆ ಬೇರೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಹೇಳಿಕೊಡಲಾರೆ. ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ತಾರೀಖು, ಯಾವ ಡಿಸ್ಕ್, ಯಾವ ಕ್ಯಾಸೆಟ್. 2025ರಲ್ಲಿ ಒಂದು ಸಲ ಹೋದಾಗ ಆ ಪುಸ್ತಕ ನೋಡಿದೆ. ನಡುವೆ ಒಂದು ಸಾಲು ಕೆಂಪು ಮಸಿಯಲ್ಲಿತ್ತು. "ಕ್ಯಾಸೆಟ್ 61, ಹಂತಿ ಪದ. ಮನೆ ಡಿಸ್ಕಿನಲ್ಲಿ ಅರ್ಧಕ್ಕೆ ನಿಂತಿತು. ಹುಬ್ಬಳ್ಳಿ ಡಿಸ್ಕಿನಿಂದ ತಂದು ಹಾಕಿದೆ. ಪೂರ್ತಿ ಕೇಳಿದೆ."